ಹಳೆಯ ಜೋಡು ನಳಿಗೆ ಕೋವಿ ಸಂಗ್ರಹ: ಮೊದಲು ಕಾಗದ, ಆಮೇಲೆ ಗುರುತು, ಕೊನೆಗೆ ಕಬ್ಬಿಣ

ಕೆಲವು ವರ್ಷಗಳಿಂದ ನನಗೆ ಒಂದೇ ತರಹದ ಫೋನ್ ಬರುತ್ತಿದೆ. ಸಿಂಧನೂರಿನಿಂದ, ಗಂಗಾವತಿಯಿಂದ, ಸಿರುಗುಪ್ಪದಿಂದ. "ಹಳೇ ಇಂಗ್ಲೆಂಡ್ ಡಬಲ್ ಬ್ಯಾರೆಲ್ ಸಿಕ್ಕಿದೆ. ಅಡ್ವಾನ್ಸ್ ಕೊಟ್ಟಾಗಿದೆ. ಲೈಸೆನ್ಸಿಗೆ ಈಗ ಏನು ಮಾಡ್ಬೇಕು?" ತಪ್ಪು ಆಗಲೇ ಆಗಿಹೋಗಿರುತ್ತದೆ. ದುಡ್ಡು ಮುಂದೆ ಹೋಗಿದೆ, ಕಾಗದ ಹಿಂದೆ ಉಳಿದಿದೆ. ಇನ್ನು ಕೆಲವರು ಅಜ್ಜನ ಕೋವಿಯನ್ನು ಮೊದಲು ಫಳಫಳ ತಿಕ್ಕಿಸಿ, ಆಮೇಲೆ "ಇದು ಯಾವ ಕಂಪನಿ ನೋಡಿ" ಎಂದು ಫೋಟೊ ಕಳಿಸುತ್ತಾರೆ. ಯಾವ ಕಂಪನಿ ಎಂದು ಹೇಳಬಹುದಾಗಿದ್ದ ಗುರುತೆಲ್ಲ ಎಮರಿ ಕಾಗದಕ್ಕೆ ಹೋಗಿರುತ್ತದೆ.

ಅದಕ್ಕೇ ಈ ಕೆಲಸದ ಕ್ರಮವನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮಧ್ಯದ ಒಂದನ್ನು ಬಿಟ್ಟು ಮುಂದೆ ಹೋದರೆ ವಾಪಸ್ ಬರುವುದು ಬಹಳ ಕಷ್ಟ.

ಹಂತ 1: ನಿಮ್ಮ ಲೆಕ್ಕ ಎಷ್ಟು ಎಂದು ನೋಡಿಕೊಳ್ಳಿ

ಭಾರತದಲ್ಲಿ ಒಬ್ಬ ಲೈಸೆನ್ಸುದಾರ ಎರಡು ಬಂದೂಕು ಮಾತ್ರ ಇಟ್ಟುಕೊಳ್ಳಬಹುದು. 2019ರ ತಿದ್ದುಪಡಿಗೆ ಮೊದಲು ಮೂರು ಇತ್ತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು ಎಂದು ಆಗ ಕಾನೂನು ಹೇಳಿತು. ಪಿತ್ರಾರ್ಜಿತವಾಗಿ ಬಂದ ಕೋವಿಗೂ ಇದೇ ಮಿತಿ. "ಮನೆತನದ ಕೋವಿ, ಅದು ಲೆಕ್ಕಕ್ಕೆ ಬರಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾಗಿ ವಿದೇಶದವರ ಹಾಗೆ ಗೋಡೆ ತುಂಬ ಕೋವಿ ನೇತುಹಾಕುವ ಸಂಗ್ರಹ ನಮ್ಮಲ್ಲಿ ಸಾಧ್ಯವಿಲ್ಲ. ನಮಗಿರುವುದು ಎರಡು ಜಾಗ. ಒಂದರಲ್ಲಿ ಈಗಾಗಲೇ ಪಿಸ್ತೂಲ್ ಇದ್ದರೆ ಉಳಿಯುವುದು ಒಂದೇ. ಆ ಒಂದು ಜಾಗಕ್ಕೆ ಯಾವ ಕೋವಿ ಎಂದು ಆರಿಸುವುದೇ ಇಲ್ಲಿ ಸಂಗ್ರಹಕಾರನ ಕೆಲಸ. ಉಳಿದವನ್ನು ನೋಡಿ, ಫೋಟೊ ತೆಗೆದು, ಗುರುತು ಬರೆದುಕೊಂಡು, ಪುಸ್ತಕದಲ್ಲಿ ಸಂಗ್ರಹಿಸಿ. ನನ್ನ ಹತ್ತಿರ ಇರುವ ಕೋವಿ ಒಂದು. ನನ್ನ ನೋಟ್‌ಬುಕ್‌ನಲ್ಲಿ ಇರುವುದು ಅರವತ್ತಕ್ಕೂ ಜಾಸ್ತಿ. ಎರಡನ್ನೂ ಅಷ್ಟೇ ಜೋಪಾನ ಮಾಡುತ್ತೇನೆ.

ಹಂತ 2: ಕಾಗದ

ಇಲ್ಲಿ ನಿಧಾನವಾಗಿ ಓದಿ. ಹತ್ತರಲ್ಲಿ ಎಂಟು ಜನ ಇಲ್ಲೇ ಎಡವುತ್ತಾರೆ.

ಕೋವಿ ನಿಮ್ಮ ಮನೆಯದೇ ಆಗಿದ್ದರೆ, ಅದು ಯಾರ ಲೈಸೆನ್ಸಿನಲ್ಲಿ ಇದೆ ಎಂದು ಮೊದಲು ನೋಡಿ. ಅಪ್ಪ ತೀರಿಕೊಂಡಿದ್ದರೆ ಅವರ ಲೈಸೆನ್ಸ್ ನಿಮಗೆ ತಾನಾಗಿ ಬರುವುದಿಲ್ಲ. ಆ ದಿನದಿಂದ ಕೋವಿ ಮನೆಯಲ್ಲಿ ಇರುವುದೇ ತೊಂದರೆ. ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಿ ರಸೀದಿ ತೆಗೆದುಕೊಳ್ಳಿ. ಜಮಾ ಮಾಡಿದರೆ ಕೋವಿ ಕೈತಪ್ಪುತ್ತದೆ ಎಂಬ ಭಯ ಬೇಡ. ವಾರಸುದಾರರಿಗೆ ಲೈಸೆನ್ಸ್ ಸಿಕ್ಕ ಮೇಲೆ ವಾಪಸ್ ಪಡೆಯುವ ಹಕ್ಕನ್ನು ಅದೇ ಕಾನೂನು ಕೊಟ್ಟಿದೆ. ಆಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಎಲ್ಲರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಡಿ. ಫೈಲು ವರ್ಷಗಟ್ಟಲೆ ಕೂರುವುದು ಬಹಳ ಸಲ ಈ ಒಂದು ಕಾಗದಕ್ಕೆ.

ಅಪ್ಪ ಇದ್ದಾರೆ, ವಯಸ್ಸು 70 ದಾಟಿದೆ ಅಥವಾ ಕೋವಿ ಅವರ ಹೆಸರಲ್ಲಿ 25 ವರ್ಷದಿಂದ ಇದೆ ಎಂದಿಟ್ಟುಕೊಳ್ಳಿ. ಆಗ ಅವರೇ ಒಬ್ಬ ವಾರಸುದಾರರನ್ನು ಹೆಸರಿಸಿ ವರ್ಗಾವಣೆ ಕೇಳಬಹುದು. 2016ರ ಆಯುಧ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಅವರು ಬದುಕಿರುವಾಗಲೇ ಇದನ್ನು ಮಾಡಿದರೆ ಎಲ್ಲರಿಗೂ ಸುಲಭ. ಅಜ್ಜ ಹಳೇ ಕಥೆ ಹೇಳುತ್ತ ಕಚೇರಿಗೆ ಬಂದು ಸಹಿ ಹಾಕಿದ ಮನೆಗಳನ್ನು ನಾನು ನೋಡಿದ್ದೇನೆ. ಆ ಕೆಲಸ ಚೆಂದವಾಗಿ ನಡೆಯುತ್ತದೆ.

ಹೊಸದಾಗಿ ಕೊಳ್ಳುವವರು ಮೊದಲು ಲೈಸೆನ್ಸ್ ಪಡೆಯಬೇಕು, ಆಮೇಲೆ ಕೋವಿ ಹುಡುಕಬೇಕು. ಅರ್ಜಿಯ ಜೊತೆ ಸುರಕ್ಷತಾ ತರಬೇತಿ ಪಡೆದ ಪ್ರಮಾಣಪತ್ರ ಬೇಕು. ಪೊಲೀಸ್ ವರದಿ ಬರಬೇಕು. ಲೈಸೆನ್ಸಿಗೆ ಯುಐಎನ್, ಅಂದರೆ ಲೈಸೆನ್ಸುದಾರರಿಗೆ ಕೊಡುವ ವಿಶಿಷ್ಟ ಗುರುತಿನ ನಂಬರ್, ಇರಲೇಬೇಕು. ಹಳೇ ಪುಸ್ತಕದ ಲೈಸೆನ್ಸ್ ಇದ್ದು ಯುಐಎನ್ ಇಲ್ಲ ಎಂದರೆ ಆ ಲೈಸೆನ್ಸ್ ನಡೆಯುವುದಿಲ್ಲ. ಮಾರುವವರ ಲೈಸೆನ್ಸಿನಲ್ಲೂ ಇದನ್ನೇ ಮೊದಲು ನೋಡಿ. ಲೈಸೆನ್ಸಿನ ಅವಧಿ ಈಗ 5 ವರ್ಷ. ಮುಗಿಯುವ ಎರಡು ತಿಂಗಳ ಮೊದಲೇ ನವೀಕರಣಕ್ಕೆ ಓಡಾಡಿ.

ಹೊಸಪೇಟೆ ಪಕ್ಕದ ಕಮಲಾಪುರ, ದರೋಜಿ ಸುತ್ತಮುತ್ತಲಿನವರು ಇನ್ನೊಂದು ಮಾತು ಗಮನಿಸಿ. ಅಲ್ಲಿ ಕರಡಿ ಧಾಮ ಇದೆ. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅರ್ಜಿ ಯಾಕೆ ಮುಂದೆ ಹೋಗುತ್ತಿಲ್ಲ ಎಂದು ವರ್ಷವಿಡೀ ಅಲೆದ ಮೇಲೆ ಇದು ಗೊತ್ತಾಗುವುದು ಬೇಡ.

ಅಟ್ಟದ ಮೇಲೆ, ವಾಡೆಯ ಹಗೇವಿನಲ್ಲಿ ಕಾಗದವೇ ಇಲ್ಲದ ಕೋವಿ ಸಿಕ್ಕರೆ? ಮುಟ್ಟಿ ತಿರುಗಿಸಬೇಡಿ, ಬೈಕಿನ ಮೇಲೆ ಇಟ್ಟುಕೊಂಡು ಯಾರಿಗೂ ತೋರಿಸಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಒಯ್ಯುವುದೇ ಅಪರಾಧ. ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ ಈಗ ಕನಿಷ್ಠ 2 ವರ್ಷ ಜೈಲು. ವಕೀಲರ ಸಲಹೆ ತೆಗೆದುಕೊಂಡು ಠಾಣೆಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಆಮೇಲೆ ಅವರು ಹೇಳಿದ ಹಾಗೆ ಒಪ್ಪಿಸಿ.

"ನೂರು ವರ್ಷ ಆಯಿತು, ಆಂಟಿಕ್, ಲೈಸೆನ್ಸ್ ಬೇಡ" ಎಂಬ ಮಾತು ಜಾಸ್ತಿ ಓಡಾಡುತ್ತಿದೆ. ಆಯುಧ ಕಾಯ್ದೆ ಹಳೇ ಆಯುಧಕ್ಕೆ ವಿನಾಯಿತಿ ಕೊಡುವುದು ಒಂದು ಷರತ್ತಿನ ಮೇಲೆ. ರಿಪೇರಿ ಮಾಡಿದರೂ ಅದು ಬಂದೂಕಾಗಿ ಕೆಲಸ ಮಾಡಬಾರದು. 12 ಬೋರಿನ ತೋಟಾ ಹೋಗುವ, ಕುದುರೆ (ಟ್ರಿಗರ್ ಒತ್ತಿದಾಗ ಬಿದ್ದು ಹೊಡೆಯುವ ಸುತ್ತಿಗೆ) ಎತ್ತಿದರೆ ಬೀಳುವ ಕೋವಿ ಆ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟೇ ಹಳೆಯದಾಗಲಿ. 2020ರಲ್ಲಿ ಕ್ಯೂರಿಯೊ, ಅಂದರೆ ಅಪರೂಪದ ಹಳೇ ವಸ್ತು ಎಂಬ ವರ್ಗದ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂಬ ಅಧಿಸೂಚನೆ ಬಂದದ್ದು ನಿಜ. ಆದರೆ ನಿಮ್ಮ ಕೋವಿ ಆ ವರ್ಗಕ್ಕೆ ಸೇರುತ್ತದೆ ಎಂದು ನೀವೇ ತೀರ್ಮಾನಿಸಬೇಡಿ. ಜಿಲ್ಲಾಧಿಕಾರಿ ಕಚೇರಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಹಂತ 3: ಹಳೇ ಕಾಗದವನ್ನು ಸರಿಯಾಗಿ ಓದಿಸಿ

ನಮ್ಮ ಮೂರು ಜಿಲ್ಲೆಗಳ ಕೋವಿಗಳ ಕಾಗದ ಒಂದೇ ತರಹ ಇರುವುದಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು. ಸಂಡೂರು ಬೇರೆಯೇ ಸಂಸ್ಥಾನ. ಬಳ್ಳಾರಿಯ ಹಳೇ ಲೈಸೆನ್ಸ್, ರಸೀದಿ ಇಂಗ್ಲಿಷಿನಲ್ಲಿ ಇರುತ್ತವೆ. ರಾಯಚೂರು ಕಡೆಯವು ಬಹುತೇಕ ಉರ್ದುವಿನಲ್ಲಿ.

ಉರ್ದು ಕಾಗದದಲ್ಲಿ ಇಸವಿ ನೋಡುವಾಗ ಹುಷಾರು. ಹೈದರಾಬಾದಿನ ಸರ್ಕಾರಿ ಕಾಗದಗಳಲ್ಲಿ ಫಸಲಿ ವರ್ಷ ಬಳಸುತ್ತಿದ್ದರು. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಫಸಲಿ 1350 ಎಂದರೆ 1940ರ ಸುಮಾರು. ಅದನ್ನೇ ಹಿಜರಿ ಎಂದು ಓದಿದರೆ 1931 ಬರುತ್ತದೆ. ಸುಮ್ನೆ ಹತ್ತು ವರ್ಷ ತಪ್ಪುತ್ತದೆ, ಕೋವಿಯ ಜೊತೆ ಕಾಗದ ಹೊಂದುವುದಿಲ್ಲ. ಉರ್ದು ಬಲ್ಲ ಹಿರಿಯರು ರಾಯಚೂರಿನಲ್ಲಿ ಇನ್ನೂ ಇದ್ದಾರೆ. ಒಂದು ಮಧ್ಯಾಹ್ನ ಅವರ ಜೊತೆ ಕೂತು ಪೂರ್ತಿ ಓದಿಸಿ, ಕನ್ನಡದಲ್ಲಿ ಬರೆದುಕೊಳ್ಳಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಳೇ ಕಾಗದ ಅದರೊಳಗೆ ಹಾಳಾಗುತ್ತದೆ, ಬಿಡಿಸಲೂ ಆಗುವುದಿಲ್ಲ.

ಹಂತ 4: ಬೇಕಾದ ಸಾಮಾನು

ಸಣ್ಣ ಟಾರ್ಚ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ. ವರ್ನಿಯರ್ ಕ್ಯಾಲಿಪರ್. ನಳಿಗೆಗಿಂತ ಉದ್ದದ ಮರದ ಕೋಲು, ಬೆರಳು ದಪ್ಪದ್ದು. ತೆಳು ಟ್ರೇಸಿಂಗ್ ಕಾಗದ ಮತ್ತು ಮೆತ್ತನೆ ಪೆನ್ಸಿಲ್. ಹಳೇ ಹತ್ತಿ ಬಟ್ಟೆ, ತೆಳು ಕೋವಿ ಎಣ್ಣೆ. ಒಂದು ಜೊತೆ ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ಡಮ್ಮಿ ತೋಟಾ. ನೋಟ್‌ಬುಕ್. ಇಷ್ಟು ಸಾಕು.

ಸ್ಕ್ರೂಡ್ರೈವರ್ ಬರೆದಿಲ್ಲ, ಗಮನಿಸಿದಿರಾ? ಬೇಕೆಂದೇ ಬಿಟ್ಟಿದ್ದೇನೆ. ಇಂಗ್ಲಿಷ್ ಕೋವಿಯ ಸ್ಕ್ರೂ ಸೀಳು ಕೂದಲಿನಷ್ಟು ಸಣ್ಣ. ಅಂಗಡಿಯ ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಆ ಗಾಯ ಮತ್ತೆ ಹೋಗುವುದಿಲ್ಲ.

ಹಂತ 5: ಖಾಲಿ ಇದೆಯಾ ಎಂದು ನೋಡಿ, ಮತ್ತೊಮ್ಮೆ ನೋಡಿ

ಯಾರೇ ಕೊಟ್ಟರೂ, "ಖಾಲಿ ಇದೆ" ಎಂದು ಆಣೆ ಇಟ್ಟರೂ, ನಳಿಗೆಯ ಬಾಯಿಯನ್ನು ನೆಲದ ಕಡೆ ಇಟ್ಟು ಕೋವಿಯನ್ನು ಮಡಚಿ ಎರಡೂ ನಳಿಗೆ ನೋಡಿ. ಬೆರಳು ಟ್ರಿಗರಿನಿಂದ ದೂರ ಇರಲಿ.

ಮುಂದಿನಿಂದ ಮದ್ದು ತುಂಬುವ ಜೋಡು ನಳಿಗೆ ಆಗಿದ್ದರೆ ಅಪಾಯ ಹೆಚ್ಚು. ತೊಂಬತ್ತು ವರ್ಷ ಗೋಡೆಯ ಮೇಲೆ ನೇತಾಡಿದ ಕೋವಿಯೊಳಗೂ ತುಂಬಿದ ಮದ್ದು ಹಾಗೇ ಉಳಿದಿರಬಹುದು. ಬಾಯಿಯ ಎದುರು ನಿಲ್ಲದೆ, ಪಕ್ಕದಿಂದ ಮರದ ಕೋಲನ್ನು ಮೆಲ್ಲಗೆ ಒಳಗೆ ಬಿಡಿ. ಎಷ್ಟು ಒಳಗೆ ಹೋಯಿತು ಎಂದು ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದು ನೋಡಿ. ಕೋಲು ನಿಪ್ಪಲ್ (ಕೇಪು ಕೂರುವ ಸಣ್ಣ ಮೊಳೆ) ಇರುವ ಜಾಗದವರೆಗೆ ಮುಟ್ಟದೆ ಎರಡು ಮೂರು ಬೆರಳು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಕೆದಕಬೇಡಿ, ಬಿಸಿ ಮಾಡಬೇಡಿ. ಠಾಣೆಗೆ ಅಥವಾ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಹೇಳಿ.

ಹಳೇ ಕುದುರೆ ಕೋವಿಗಳಲ್ಲಿ ಇನ್ನೊಂದು ವಿಷಯ. ಕುದುರೆ ಬಿದ್ದ ಮೇಲೆ ತಾನಾಗಿ ಸ್ವಲ್ಪ ಹಿಂದೆ ಸರಿದು ನಿಲ್ಲಬೇಕು. 1860ರ ದಶಕದ ಕೊನೆಯಿಂದ ಈ ವ್ಯವಸ್ಥೆ ಬಂತು. ಅದಕ್ಕೂ ಹಳೆಯದಾದರೆ ಕುದುರೆ ತೋಟಾಗೆ ಹೊಡೆಯುವ ಸೂಜಿಯ ಮೇಲೇ ಕೂತಿರುತ್ತದೆ. ಅಂಥ ಕೋವಿಗೆ ತೋಟಾ ಹಾಕುವ ಯೋಚನೆಯೇ ಬೇಡ.

ಹಂತ 6: ಗುರುತು ಓದುವುದು

ಇಲ್ಲಿಂದ ನಿಜವಾದ ಸಂಗ್ರಹ ಶುರು. ಮುಂಭಾಗದ ಮರ ಬಿಚ್ಚಿ, ನಳಿಗೆಯನ್ನು ಆಕ್ಷನ್ನಿನಿಂದ, ಅಂದರೆ ನಳಿಗೆ ಮಡಚಿ ಮುಚ್ಚುವ ಕಬ್ಬಿಣದ ಭಾಗದಿಂದ, ಬೇರೆ ಮಾಡಿ. ನಳಿಗೆಯ ಹಿಂಬದಿಯ ಅಡಿಯಲ್ಲಿ ಎರಡು ಸಪಾಟು ಜಾಗ ಇರುತ್ತದೆ. ಕೋವಿಯ ಜಾತಕ, ಅಂದರೆ ಕೋವಿ ಪರೀಕ್ಷಿಸಿದ ಕಚೇರಿ ಹೊಡೆದ ಗುರುತು, ಅಲ್ಲಿದೆ. ಒಣ ಬಟ್ಟೆಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿ. ಅದಕ್ಕಿಂತ ಜಾಸ್ತಿ ಏನೂ ಮಾಡಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಮಸುಕಾಗಿದ್ದರೆ ಟ್ರೇಸಿಂಗ್ ಕಾಗದ ಇಟ್ಟು ಪೆನ್ಸಿಲ್ ಮೆಲ್ಲಗೆ ಉಜ್ಜಿ. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಏಳುತ್ತದೆ.

ಮೊದಲು ಯಾವ ದೇಶ ಎಂದು ಗೊತ್ತುಮಾಡಿಕೊಳ್ಳಿ. ಕಿರೀಟದ ಕೆಳಗೆ ಬಿವಿ, ಬಿಪಿ ಅಕ್ಷರ ಇದ್ದರೆ ಅದು ಬರ್ಮಿಂಗ್‌ಹ್ಯಾಮ್, 1904 ಅಥವಾ ನಂತರದ್ದು. ಕಿರೀಟದ ಕೆಳಗೆ ಎರಡು ರಾಜದಂಡ ಅಡ್ಡಡ್ಡ ಇದ್ದು ಬಿಪಿಸಿ ಎಂದಿದ್ದರೆ ಬರ್ಮಿಂಗ್‌ಹ್ಯಾಮ್‌ದೇ, ಆದರೆ 1904ಕ್ಕೆ ಮೊದಲಿನದು. ಜಿಪಿ ಅಕ್ಷರಗಳು ಒಂದರೊಳಗೊಂದು ಹೆಣೆದಿದ್ದರೆ ಲಂಡನ್. ಮೊಟ್ಟೆಯಾಕಾರದೊಳಗೆ ಇಎಲ್‌ಜಿ ಎಂದಿದ್ದರೆ ಬೆಲ್ಜಿಯಂನ ಲೀಜ್. ಕಿರೀಟದ ಕೆಳಗೆ ಯು, ಎನ್ ಇದ್ದರೆ ಜರ್ಮನಿ.

ಈ ಪರೀಕ್ಷೆಯಲ್ಲಿ ಬಹಳ ಆಸೆ ಮುರಿಯುತ್ತದೆ. ಎರಡು ನಳಿಗೆಯ ನಡುವೆ ಮೇಲೆ ಬೆಸೆದ ಕಬ್ಬಿಣದ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರು ದೊಡ್ಡದಾಗಿ ಇರುತ್ತದೆ, ಕೆಳಗೆ ಲೀಜ್ ಗುರುತು. ಬೆಲ್ಜಿಯಂನಿಂದ ಡಬ್ಲ್ಯು. ರಿಚರ್ಡ್ಸ್ ಎಂದು ಕೆತ್ತಿದ ಅಗ್ಗದ ಕೋವಿಗಳು ರಾಶಿಗಟ್ಟಲೆ ಬಂದಿವೆ. ವೆಸ್ಟ್ಲಿ ರಿಚರ್ಡ್ಸ್ ಎಂಬ ಬರ್ಮಿಂಗ್‌ಹ್ಯಾಮ್ ಮನೆತನಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೇಲಿನ ಹೆಸರು ಮಾರಿದವರದ್ದೂ ಆಗಿರಬಹುದು. ಪಿ. ಓರ್ ಅಂಡ್ ಸನ್ಸ್ ಮದ್ರಾಸ್, ಆರ್.ಬಿ. ರೋಡ್ಡಾ ಕಲ್ಕತ್ತಾ, ಆರ್ಮಿ ಅಂಡ್ ನೇವಿ ಸ್ಟೋರ್ಸ್ ಎಂದಿದ್ದರೆ ಅವು ಅಂಗಡಿಗಳು. ಬಳ್ಳಾರಿ ಮನೆಗಳಲ್ಲಿ ಮದ್ರಾಸಿನ ಅಂಗಡಿ ಹೆಸರು ಕಂಡರೆ ನನಗೆ ಖುಷಿ. ಕೋವಿ ಇಲ್ಲಿಗೆ ನೇರವಾಗಿ ಬಂದಿದೆ ಎನ್ನಲು ಅದೊಂದು ಒಳ್ಳೆಯ ಸುಳಿವು.

ಆಮೇಲೆ ಅಳತೆ. ವಜ್ರಾಕಾರದೊಳಗೆ 12 ಮತ್ತು ಸಿ ಎಂದಿದ್ದರೆ ಅದು ತೋಟಾ ಕೂರುವ ಜಾಗದ ಅಳತೆ, 12 ಬೋರ್. ಅದರ ಪಕ್ಕ 13 ಅಥವಾ 13/1 ಎಂದು ಬೇರೆ ಅಂಕಿ ಇರಬಹುದು. ಅದು ನಳಿಗೆಯ ಒಳಗಿನ ವ್ಯಾಸದ ಲೆಕ್ಕ. ಇದನ್ನು ನೋಡಿ "13 ಬೋರ್" ಎಂದು ಲೈಸೆನ್ಸಿನಲ್ಲಿ ಬರೆಸಿಕೊಂಡವರನ್ನು ಎರಡು ಕಡೆ ನೋಡಿದ್ದೇನೆ. ತಿದ್ದಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ನಿಜವಾದ 12 ಬೋರಿನ ವ್ಯಾಸ ಸುಮಾರು 18.5 ಎಂಎಂ, 16 ಬೋರ್ 16.8, 20 ಬೋರ್ 15.6. ಕ್ಯಾಲಿಪರ್ ಹಿಡಿದು ಬಾಯಿಯಲ್ಲಿ ಅಳೆದರೆ ಸಾಲದು, ಅಲ್ಲಿ ಚೋಕ್ ಇದ್ದು ಕಿರಿದಾಗಿರುತ್ತದೆ.

ಎನ್‌ಪಿ ಅಕ್ಷರ ಇದೆಯಾ ನೋಡಿ. ಬ್ರಿಟನ್ನಿನ ಕೋವಿಯಲ್ಲಿ ಅದು 1904ರಿಂದ ಬಂತು, ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಎಂದು ಅರ್ಥ. ಇಲ್ಲದಿದ್ದರೆ ಆ ನಳಿಗೆ ಕಪ್ಪು ಮದ್ದಿನ ಕಾಲದ್ದಾಗಿರುವ ಸಾಧ್ಯತೆ ಹೆಚ್ಚು. "ನಾಟ್ ಫಾರ್ ಬಾಲ್" ಎಂದಿದ್ದರೆ 1875ರಿಂದ 1887ರ ನಡುವಿನದು. ಚೋಕ್ ಇರುವ ನಳಿಗೆಗೆ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು.

ಕೊನೆಗೆ ಸೀರಿಯಲ್ ನಂಬರ್. ನಳಿಗೆ, ಆಕ್ಷನ್, ಮುಂಭಾಗದ ಮರದ ಕಬ್ಬಿಣ, ಮೂರು ಕಡೆ ಒಂದೇ ನಂಬರ್ ಇರಬೇಕು. ಲೈಸೆನ್ಸಿನಲ್ಲಿ ಇರುವುದೂ ಅದೇ ಆಗಿರಬೇಕು. ನಂಬರ್ ಅಳಿಸಿದ, ತಿದ್ದಿದ, ಮೇಲೆ ಹೊಸದಾಗಿ ಹೊಡೆದ ಕೋವಿಯನ್ನು ಕೈಯಲ್ಲಿ ಹಿಡಿಯದೆ ಎದ್ದು ಬನ್ನಿ. ಗುರುತು ಅಳಿಸುವುದೇ ಅಪರಾಧ. ನಂಬರ್ ಸರಿ ಇದ್ದು ಹೆಸರು ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಅಥವಾ ವೆಸ್ಟ್ಲಿ ರಿಚರ್ಡ್ಸ್ ಆಗಿದ್ದರೆ ಆ ಕಂಪನಿಗಳಿಗೇ ಬರೆದು ಕೇಳಬಹುದು. ಅವರ ಹತ್ತಿರ ಹಳೇ ದಫ್ತರ ಇದೆ. ವಿಳಾಸವೂ ಮಾತಾಡುತ್ತದೆ. ಪರ್ಡಿ ಅಂಗಡಿ 1880ರ ದಶಕದ ಆರಂಭದವರೆಗೆ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿತ್ತು, ಆಮೇಲೆ ಸೌತ್ ಆಡ್ಲಿ ಸ್ಟ್ರೀಟಿಗೆ ಹೋಯಿತು. ಆಕ್ಸ್‌ಫರ್ಡ್ ಸ್ಟ್ರೀಟ್ ಎಂದು ಬರೆದ ಕೋವಿಯನ್ನು "1920ರದು" ಎಂದು ಮಾರುವವರು ತಪ್ಪು ಹೇಳುತ್ತಿದ್ದಾರೆ, ಅಥವಾ ಕೋವಿಯೇ ಸುಳ್ಳು.

ನನ್ನ ಅಜ್ಜನ ಕೋವಿಯಲ್ಲಿ ಈ ಯಾವ ಗುರುತೂ ಪೂರ್ತಿ ಉಳಿದಿಲ್ಲ. ಹೊರ ಊರಿನ ಒಂದು ರಿಪೇರಿ ಅಂಗಡಿಗೆ ತುಕ್ಕು ತೆಗೆಯಲು ಕೊಟ್ಟಿದ್ದೆ. ಬಫಿಂಗ್ ಚಕ್ರಕ್ಕೆ ಹಿಡಿದು ಕನ್ನಡಿ ಮಾಡಿ ಕೊಟ್ಟರು. ಬಿವಿ ಎಂಬಲ್ಲಿ ಈಗ ಅರ್ಧ ಕಿರೀಟ ಮಾತ್ರ ಇದೆ. ಆ ದಿನ ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಗುರುತಿನ ಫೋಟೊ ಆಗುವವರೆಗೆ ಯಾರ ಕೈಗೂ ಕೊಡಬೇಡಿ.

ಹಂತ 7: ಕಬ್ಬಿಣ ಮತ್ತು ಮರ

*ಕೀಲು.* ನಳಿಗೆ ಜೋಡಿಸಿ, ಮುಂಭಾಗದ ಮರ ಹಾಕದೆ ಮುಚ್ಚಿ. ಹಿಡಿಮರ ಗಟ್ಟಿಯಾಗಿ ಹಿಡಿದು ನಳಿಗೆಯನ್ನು ಎಡಬಲ ಅಲುಗಿಸಿ. ಲಟಲಟ ಎಂದರೆ ಕೀಲು ಸವೆದಿದೆ. ಮುಚ್ಚಿದ ಸಂದಿಯನ್ನು ಬೆಳಕಿಗೆ ಹಿಡಿಯಿರಿ. ನಳಿಗೆಗೂ ಆಕ್ಷನ್ ಮುಖಕ್ಕೂ ನಡುವೆ ಬೆಳಕು ನುಸುಳಿದರೆ ಅದನ್ನು ಹಾರಿಸಬಾರದು. ಮರ ಹಾಕಿದ ಮೇಲೆ ಸಡಿಲ ಗೊತ್ತಾಗುವುದಿಲ್ಲ. ಮಾರುವವರು ಮರ ಬಿಚ್ಚಲು ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಸಿ.

*ದನಿ.* ನಳಿಗೆ ಮಾತ್ರ ತೆಗೆದುಕೊಂಡು ಕೆಳಗಿನ ಕೊಕ್ಕೆಗೆ ಬೆರಳು ಹಾಕಿ ತೂಗುಬಿಡಿ. ಮರದ ಕೋಲಿನಿಂದ ಮೆಲ್ಲಗೆ ತಟ್ಟಿ. ಗುಡಿಯ ಗಂಟೆಯ ಹಾಗೆ ಒಂದಷ್ಟು ಹೊತ್ತು ಉಳಿಯುವ ನಾದ ಬಂದರೆ ಪಟ್ಟಿಗಳು ಬಿಗಿ ಇವೆ. ಒಡೆದ ಗಡಿಗೆಯ ಹಾಗೆ ದಪ್ ಎಂದರೆ ಬೆಸುಗೆ ಬಿಟ್ಟಿದೆ, ಒಳಗೆ ತುಕ್ಕು ಸೇರಿದೆ.

*ಒಳಗೆ.* ಬಾಗಿಲಿನ ಚೌಕಟ್ಟಿನ ಕಡೆ ನಳಿಗೆ ಹಿಡಿದು ಒಳಗೆ ನೋಡಿ. ಬೆಳಕಿನ ಉಂಗುರಗಳು ಗುಂಡಗೆ ಇರಬೇಕು. ಒಂದು ಕಡೆ ಉಂಗುರ ಮುರಿದಿದ್ದರೆ ತಗ್ಗು. ಸುತ್ತಲೂ ಕಪ್ಪು ಬಳೆಯ ಹಾಗೆ ಕಂಡರೆ ಉಬ್ಬು. ತಗ್ಗನ್ನು ಒಳ್ಳೇ ಕೆಲಸಗಾರ ಎತ್ತಬಹುದು. ಉಬ್ಬು ಬಂದಿದ್ದರೆ ಒಮ್ಮೆ ಏನೋ ಅಡ್ಡ ಸಿಕ್ಕಿ ಒತ್ತಡ ಏರಿದೆ ಎಂದು ಅರ್ಥ, ಅದನ್ನು ಬಿಟ್ಟುಬಿಡಿ. ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಕಣ್ಣಿಗೆ ಕಾಣದು. ಅದಕ್ಕೆ ಬೇರೆ ಗೇಜ್ ಇದೆ, ಲೈಸೆನ್ಸ್ ಇರುವ ಕೋವಿ ಕೆಲಸಗಾರರಿಂದ ಅಳೆಯಿಸಿ. ಊರಿನ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಕೋವಿ ರಿಪೇರಿಗೇ ಲೈಸೆನ್ಸ್ ಬೇಕು, ಇಬ್ಬರೂ ಸಿಕ್ಕಿಬೀಳುತ್ತೀರಿ.

*ಡಮಾಸ್ಕಸ್ ನಳಿಗೆ.* ಹಾವಿನ ಚರ್ಮದಂಥ ಬಳ್ಳಿ ವಿನ್ಯಾಸ ಕಂಡರೆ ಜನ ಮರುಳಾಗುತ್ತಾರೆ. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಸುತ್ತಿ ಬೆಸೆದು ಮಾಡಿದ ನಳಿಗೆ ಅದು. ನಿಜವಾದದ್ದಾದರೆ ವಿನ್ಯಾಸ ಮುಂಭಾಗದ ಮರದ ಅಡಿಯಲ್ಲೂ ಮುಂದುವರಿಯುತ್ತದೆ. ಮೇಲೆ ಮಾತ್ರ ಇದ್ದು ಅಡಿಯಲ್ಲಿ ಬೋಳಾಗಿದ್ದರೆ ಆಸಿಡ್‌ನಿಂದಲೋ ಬಣ್ಣದಿಂದಲೋ ಮಾಡಿದ ನಕಲು. ನಿಜವಾದದ್ದೇ ಆದರೂ ಈಗಿನ ತೋಟಾ ಹಾಕಬೇಡಿ. ಬೆಸುಗೆಯ ಸಾಲಿನಲ್ಲಿ ಒಳಗೊಳಗೇ ತುಕ್ಕು ಕೂತಿದ್ದರೆ ಹೊರಗೆ ಏನೂ ತೋರುವುದಿಲ್ಲ. ಅದು ನೋಡುವ ಕೋವಿ. ಆ ಚೆಲುವೇ ಸಾಕು.

*ತೋಟಾ ಉದ್ದ.* ಹಳೇ ಬ್ರಿಟಿಷ್ 12 ಬೋರ್ ಸಾಮಾನ್ಯವಾಗಿ ಎರಡೂವರೆ ಇಂಚಿನ ತೋಟಾಗೆ ಮಾಡಿದ್ದು, ಅಂದರೆ ಸುಮಾರು 65 ಎಂಎಂ. ಈಗ ಸಿಗುವುದರಲ್ಲಿ 70 ಎಂಎಂ ಕೂಡ ಇದೆ. ಅದು ಹಳೇ ಕೋವಿಯೊಳಗೆ ಸಲೀಸಾಗಿ ಹೋಗುತ್ತದೆ. ತೊಂದರೆ ಇರುವುದೇ ಅಲ್ಲಿ. ಮುಚ್ಚಿದ ತುದಿ ಹಾರಿದಾಗ ಬಿಚ್ಚಿಕೊಳ್ಳುತ್ತದೆ, ಬಿಚ್ಚಲು ಜಾಗ ಇಲ್ಲದೆ ಒತ್ತಡ ಏರುತ್ತದೆ. "ಹೋಯಿತು, ಮುಚ್ಚಿತು, ಸರಿ ಇದೆ" ಎಂಬ ಲೆಕ್ಕ ಇಲ್ಲಿ ನಡೆಯದು. ಡಬ್ಬಿಯ ಮೇಲಿನ ಎಂಎಂ ಓದಿ.

*ಮರ.* ಅಕ್ರೋಟ್ ಮರ ನಮ್ಮ ಬಿಸಿಲಿಗೆ ಕುಗ್ಗುತ್ತದೆ. ಆಕ್ಷನ್ ಹಿಂಬದಿಗೆ ಮರ ಕೂಡುವ ಜಾಗ ಮತ್ತು ಕೈ ಹಿಡಿಯುವ ಕುತ್ತಿಗೆ, ಇವೆರಡರಲ್ಲಿ ಬಿರುಕು ಹುಡುಕಿ. ಎಣ್ಣೆ ಕುಡಿದು ಕಪ್ಪಾಗಿ ಮೆತ್ತಗಾಗಿದ್ದರೆ ಉಗುರು ಒತ್ತಿದರೆ ಗೊತ್ತಾಗುತ್ತದೆ.

ಹಂತ 8: ಅಪರೂಪ ಎಂದರೆ ಯಾವುದು

ಹಳೆಯದೆಲ್ಲ ಅಪರೂಪ ಅಲ್ಲ. 1875ರ ಆನ್ಸನ್ ಅಂಡ್ ಡೀಲಿ ಮಾದರಿಯ ಬಾಕ್ಸ್‌ಲಾಕ್ (ಕುದುರೆ ಒಳಗೇ ಅಡಗಿರುವ) 12 ಬೋರ್ ನಮ್ಮ ಭಾಗದ ವಾಡೆಗಳಲ್ಲಿ ಬೇಕಾದಷ್ಟಿವೆ. ಒಳ್ಳೇ ಕೋವಿಗಳೇ, ಆದರೆ ಅಪರೂಪದ ಬೆಲೆ ಕೊಡಬೇಡಿ.

ನನಗೆ ಅಪರೂಪ ಎನಿಸುವುದು ಇಂಥವು: ಕೆಳಗೆ ತಿರುಗುವ ಜೋನ್ಸ್ ಲಿವರ್ ಇರುವ ಕುದುರೆ ಕೋವಿ. ತೋಟಾದಿಂದ ಮೊಳೆ ಹೊರಚಾಚುವ ಪಿನ್‌ಫೈರ್. 8 ಅಥವಾ 10 ಬೋರಿನ ಭಾರಿ ಕೋವಿ, ಇನ್ನೊಂದು ತುದಿಗೆ 28 ಬೋರಿನ ಹಗುರ ಕೋವಿ. ನಳಿಗೆಯನ್ನು ಆಕ್ಷನ್ನಿಗೆ ಬಿಗಿಯುವ ಗ್ರೀನರ್ ಅಡ್ಡಬೋಲ್ಟ್ ಇರುವ ಕೋವಿ. ಪೆಟ್ಟಿಗೆ, ಚಾವಿ, ಸಾಮಾನು ಸಮೇತ ಉಳಿದ ಯಾವುದೇ ಕೋವಿ. ಇವೆಲ್ಲಕ್ಕಿಂತ ಮೇಲೆ, ಮೊದಲ ರಸೀದಿಯಿಂದ ಇವತ್ತಿನವರೆಗೆ ಕಾಗದ ಕಡಿಯದ ಸಾಧಾರಣ ಕೋವಿಯನ್ನು ನಾನು ಇಡುತ್ತೇನೆ. ಇದನ್ನು ಒಪ್ಪದ ಸಂಗ್ರಹಕಾರರು ಇದ್ದಾರೆ. ನನ್ನ ಮಟ್ಟಿಗೆ ಮಾತ್ರ ಅದೇ ನಿಜವಾದ ಸಂಪತ್ತು.

ಒಂದು ಎಚ್ಚರಿಕೆ. ಪ್ಯಾರಡಾಕ್ಸ್ ಎಂಬ ಕೋವಿಯ ಬಾಯಿ ಹತ್ತಿರದ ಕೆಲವು ಇಂಚಿನಲ್ಲಿ ಸುರುಳಿ ಗೆರೆ ಇರುತ್ತದೆ. ಕೇಪ್ ಗನ್ನಿನಲ್ಲಿ ಒಂದು ನಳಿಗೆ ನಯ, ಇನ್ನೊಂದು ರೈಫಲ್. ಲೈಸೆನ್ಸಿನಲ್ಲಿ "12 ಬೋರ್ ಡಿಬಿಬಿಎಲ್" (ಹಿಂದಿನಿಂದ ತೋಟಾ ತುಂಬುವ ಜೋಡು ನಳಿಗೆ) ಎಂದಷ್ಟೇ ಇದ್ದರೆ ಇಂಥವಕ್ಕೆ ಅದು ಹೊಂದದೆ ಹೋಗಬಹುದು. ಕೊಳ್ಳುವ ಮೊದಲೇ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ನಳಿಗೆ ಕತ್ತರಿಸಿ ಗಿಡ್ಡ ಮಾಡಿದ ಕೋವಿ ಹತ್ತಿರವೂ ಹೋಗಬೇಡಿ.

ಹಂತ 9: ಕೊಳ್ಳುವುದು

ಡೀಲರ್ ಮೂಲಕ ಕೊಂಡರೆ ಕೆಲಸ ಸುಲಭ. ಲೈಸೆನ್ಸುದಾರರಿಂದ ನೇರವಾಗಿ ಕೊಳ್ಳುವುದಾದರೆ, ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಮೊದಲು ಬರಹದಲ್ಲಿ ತಿಳಿಸಬೇಕು. ಆಮೇಲೆ 45 ದಿನ ಕಳೆಯಬೇಕು. ಆ ಸ್ವೀಕೃತಿಯ ಪ್ರತಿ ನಿಮ್ಮ ಹತ್ತಿರ ಇರಲಿ. ಆ 45 ದಿನದಲ್ಲಿ ಕೋವಿ ನಿಮ್ಮ ಮನೆಗೆ "ನೋಡಲು" ಬರಬಾರದು.

ಅವಸರ ಮಾಡುವವರು, ಕಾಗದ ಆಮೇಲೆ ಎನ್ನುವವರು, ಗುರುತಿನ ಫೋಟೊ ಕಳಿಸದೆ ಕೆತ್ತನೆಯ ಫೋಟೊ ಮಾತ್ರ ಕಳಿಸುವವರು, ಈ ಮೂವರಿಂದ ದೂರ ಇರಿ. ನೂರು ವರ್ಷ ದಾಟಿದ ಕೋವಿಯನ್ನು ಹೊರದೇಶಕ್ಕೆ ಕಳಿಸಿ ಜಾಸ್ತಿ ದುಡ್ಡು ಮಾಡೋಣ ಎನ್ನುವವರಿಂದಲೂ ಅಷ್ಟೇ. 1972ರ ಪುರಾವಸ್ತು ಕಾಯ್ದೆ ಅದನ್ನು ತಡೆಯುತ್ತದೆ.

ಹಂತ 10: ಜೋಪಾನ

ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತುಕ್ಕಿಗಿಂತ ಮೊದಲು ಧೂಳೇ ಶತ್ರು. ಸಂಡೂರು, ಹೊಸಪೇಟೆಯ ಅದಿರಿನ ಕೆಂಪು ಧೂಳು, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ, ಎರೆಹೊಲದ ಕಪ್ಪು ಹುಡಿ, ಇವು ಎಣ್ಣೆಗೆ ಅಂಟಿದರೆ ಮರಳು ಕಾಗದದ ಕೆಲಸ ಮಾಡುತ್ತವೆ. ಎಣ್ಣೆ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಎಂಬುದು ತಪ್ಪು. ತೆಳುವಾಗಿ ಹಚ್ಚಿ, ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಹಚ್ಚಬೇಡಿ, ಅಂಟಾಗಿ ಗಟ್ಟಿಯಾಗುತ್ತದೆ. ನಿಲ್ಲಿಸಿ ಇಡುವುದಾದರೆ ಬಾಯಿ ಕೆಳಗೆ ಮಾಡಿ. ಇಲ್ಲದಿದ್ದರೆ ಎಣ್ಣೆ ಇಳಿದು ಮರದ ತಲೆ ಕೊಳೆಯುತ್ತದೆ. ಬಟ್ಟೆಯ ಚೀಲ, ಚರ್ಮದ ಕವರ್ ಒಯ್ಯಲು ಮಾತ್ರ. ಮಳೆಗಾಲ ಪೂರ್ತಿ ಅದರೊಳಗೆ ಬಿಟ್ಟರೆ ಹಸಿ ಹಿಡಿಯುತ್ತದೆ. ಬೀಗ ಹಾಕಿದ ಕಬ್ಬಿಣದ ಕಪಾಟು, ಒಳಗೆ ಸಿಲಿಕಾ ಜೆಲ್, ತೋಟಾ ಬೇರೆ ಬೀಗದಲ್ಲಿ.

ಆಯುಧ ಪೂಜೆ ದಿನ ನಮ್ಮ ಕೈಯಾರೆ ಕೋವಿ ಹಾಳಾಗುತ್ತದೆ. ಒದ್ದೆ ವಿಭೂತಿ, ಕುಂಕುಮ, ನೀರು ಚಿಮುಕಿಸಿದ ಚೆಂಡುಹೂವು ರಾತ್ರಿಯಿಡೀ ನಳಿಗೆಯ ಮೇಲೆ ಇದ್ದರೆ ಬೆಳಿಗ್ಗೆಗೆ ಕಂದು ಕಲೆ. ಪೂಜೆ ಬಿಡಿ ಎಂದು ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ಮಾಡುತ್ತೇವೆ. ವಿಭೂತಿ, ಕುಂಕುಮವನ್ನು ಹಿಡಿಮರದ ಕೊನೆಗೆ ಒಣದಾಗಿ ಇಟ್ಟು, ಹೂವನ್ನು ಪಕ್ಕದ ತಟ್ಟೆಯಲ್ಲಿ ಏರಿಸಿ, ಆರತಿ ಆದ ಕೂಡಲೇ ಒರೆಸಿ. ಜಾತ್ರೆ, ಮದುವೆಯಲ್ಲಿ ಗಾಳಿಗೆ ಹಾರಿಸುವ ರೂಢಿ ಮಾತ್ರ ಪೂರ್ತಿ ಬಿಡಿ. 2019ರಿಂದ ಅದಕ್ಕೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ.

ಹಂತ 11: ಚುನಾವಣೆ ಬಂದಾಗ

ಚುನಾವಣೆ ಘೋಷಣೆ ಆದರೆ ಕೋವಿ ಜಮಾ ಮಾಡಲು ಆದೇಶ ಬರುತ್ತದೆ. 2023ರಲ್ಲಿ ವಿಧಾನಸಭೆ, 2024ರ ಮೇನಲ್ಲಿ ಲೋಕಸಭೆ, ಅದೇ ವರ್ಷ ನವೆಂಬರಿನಲ್ಲಿ ಸಂಡೂರು ಉಪಚುನಾವಣೆ. ಎರಡೇ ವರ್ಷದಲ್ಲಿ ಸಂಡೂರಿನವರ ಪಾಲಿಗೆ ಮೂರು ಚುನಾವಣೆ. ಹಳೇ ಕೋವಿಗೆ ಒಂದೊಂದು ಸಲವೂ ಪರೀಕ್ಷೆಯೇ.

ಒಯ್ಯುವ ಹಿಂದಿನ ದಿನ ಒಳಗೂ ಹೊರಗೂ ಎಣ್ಣೆ ಹಚ್ಚಿ. ಈ ಒಂದು ಸಲ ಸ್ವಲ್ಪ ದಪ್ಪಗೇ ಇರಲಿ, ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ಗುರುತು, ನಂಬರ್, ಮರದ ಮೇಲಿನ ಗೀರು ಎಲ್ಲದರ ಫೋಟೊ ದಿನಾಂಕ ಸಮೇತ ತೆಗೆಯಿರಿ. ನಂಬರ್ ಬರೆದ ರಟ್ಟಿನ ಚೀಟಿಯನ್ನು ದಾರದಿಂದ ಟ್ರಿಗರ್ ಕಾವಲಿಗೆ ಕಟ್ಟಿ. ಒಂದೇ ತರಹದ ಇಪ್ಪತ್ತು ಕೋವಿ ಮೂಲೆಯಲ್ಲಿ ನಿಂತಾಗ ಚೀಟಿಯೇ ಕೈ ಹಿಡಿಯುತ್ತದೆ. ಕೋವಿಯ ಸ್ಥಿತಿ ಹೇಗಿದೆ ಎಂದು ರಸೀದಿಯಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಕೇಳಿದರೆ ಬರೆದುಕೊಡುವವರು ಇದ್ದಾರೆ.

ವಾಪಸ್ ತಂದ ದಿನವೇ ಬಿಚ್ಚಿ, ಒರೆಸಿ, ಫೋಟೊ ಜೊತೆ ಹೋಲಿಸಿ. ತುಕ್ಕಿನ ಹೊಸ ಚುಕ್ಕೆ ಇದ್ದರೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಮರುದಿನ ಹತ್ತಿ ಬಟ್ಟೆಯಿಂದ ಉಜ್ಜಿ. ಹೋಗದಿದ್ದರೆ ಮತ್ತೆ ಎಣ್ಣೆ, ಮತ್ತೊಂದು ರಾತ್ರಿ. ಸ್ಟೀಲ್ ಸ್ಕ್ರಬ್ಬರ್ ಅಡುಗೆಮನೆಯಲ್ಲೇ ಇರಲಿ.